ಪ್ರತಿಕ್ರಿಯೆ: ಸೇವೆ ಮಾಡಿಯೂ ಯಾಕಿಷ್ಟು ದಣಿವು?

ಚರ್ಚಿನ ಕೆಲಸ, ಉಪವಾಸ ಎಲ್ಲ ಮಾಡಿದರೂ ಬೈಬಲಿನ ಮತ್ತಾಯ 11:28ರಲ್ಲಿ ‘ದಣಿದವರೇ, ನನ್ನ ಬಳಿಗೆ ಬನ್ನಿ’ ಎಂದು ಕರೆದು ಯೇಸು ಕೊಡುವೆನೆಂದ ವಿಶ್ರಾಂತಿ ಯಾಕೆ ಸಿಗುತ್ತಿಲ್ಲ ಎಂದು ಕೇಳಿದ್ದೀರಿ. ಅಲ್ಲಿಗೇ ನಿಲ್ಲಿಸದೆ 12ನೇ ಅಧ್ಯಾಯವನ್ನೂ ಓದಿ. ಹಸಿದ ಶಿಷ್ಯರು ಸಬ್ಬತ್ ದಿನ (ಯೆಹೂದ್ಯರು ಕೆಲಸ ಬಿಡುವ ವಿಶ್ರಾಂತಿಯ ದಿನ) ತೆನೆ ಕಿತ್ತು ತಿನ್ನುತ್ತಾರೆ, ಧರ್ಮದ ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಫರಿಸಾಯರು ತಪ್ಪು ಹಿಡಿಯುತ್ತಾರೆ. ಯೇಸು ನಿಲ್ಲುವುದು ಶಿಷ್ಯರ ಪರ. ವಿಶ್ರಾಂತಿಯ ದಿನವನ್ನೇ ಹೊರೆ ಮಾಡಿಕೊಂಡಿದ್ದ ಕಾಲದಲ್ಲಿ ಬಂದದ್ದು ‘ನನ್ನ ಬಳಿಗೆ ಬನ್ನಿ’ ಎಂಬ ಆ ಕರೆ.

ಸೇವೆ ಜಾಸ್ತಿಯಾದಷ್ಟೂ ದೇವರು ಒಪ್ಪುತ್ತಾನೆ ಅಂತ ಒಳಗೊಳಗೇ ಲೆಕ್ಕ ಇಟ್ಟಿದ್ದೀರಾ? ಸುವಾರ್ತೆ ಹೇಳುವುದು ಉಲ್ಟಾ: ಒಪ್ಪಿಗೆ ಮೊದಲು, ಸೇವೆ ಆಮೇಲೆ. (ಅದೇ ಕರೆಯಲ್ಲಿ ಯೇಸು ಹೊತ್ತುಕೊಳ್ಳಿ ಎನ್ನುವ ನೊಗವೇ ಇಲ್ಲ ಅಂತಲ್ಲ. ಅದು ಹಗುರ ಅಷ್ಟೇ.)

ಇದು ಸುಮ್ನೆ ಮೈ ದಣಿವೂ ಇರಬಹುದು ಅಲ್ವಾ? ಬೈಬಲಿನಲ್ಲಿ ಬದುಕು ಸಾಕು ಎಂದ ಪ್ರವಾದಿ ಎಲೀಯನಿಗೆ ದೇವದೂತ ಬೋಧನೆ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ. ನೀವೂ ಒಂದೆರಡು ವಾರ ಚರ್ಚಿನ ಗಾಯನ ತಂಡಕ್ಕೆ ರಜೆ ಹಾಕಿ. ಆಗಲೂ ನಿದ್ದೆ ಬಾರದಿದ್ದರೆ ವೈದ್ಯರನ್ನು ಕಾಣಿ.