‘ಕೇರೋ’ ಅಚ್ಚಿನ ತಪ್ಪಲ್ಲ

ಮಾನ್ಯರೇ,

ಮಿಸಿಸಿಪ್ಪಿ ನದಿಯ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನದಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಊರೊಂದನ್ನು ‘ಕೇರೋ’ ಎಂದು ಅಚ್ಚು ಮಾಡಿದ್ದು ತಪ್ಪು, ಈಜಿಪ್ಟಿನ ರಾಜಧಾನಿಯ ಹೆಸರನ್ನು ಇಟ್ಟುಕೊಂಡ ಊರು ‘ಕೈರೋ’ ಎಂದೇ ಆಗಬೇಕು, ಅಲ್ಲಿನವರ ಅಶುದ್ಧ ಉಚ್ಚಾರಣೆಗೆ ಕನ್ನಡದ ಪತ್ರಿಕೆ ಮಣೆ ಹಾಕಬಾರದು ಎಂದು ತಾವು ಬರೆದಿದ್ದೀರಿ. ಅಷ್ಟು ಗಮನವಿಟ್ಟು ಓದಿದ್ದಕ್ಕೆ ಕೃತಜ್ಞರಾಗಿದ್ದೇವೆ. ಆದರೆ ಅದು ಕಣ್ತಪ್ಪಲ್ಲ. ಓಹಾಯೋ ನದಿ ಮಿಸಿಸಿಪ್ಪಿಯನ್ನು ಕೂಡುವಲ್ಲಿರುವ ಆ ಊರಿನ ಜನ ತಮ್ಮ ಊರನ್ನು ಹಾಗೆಯೇ ಕರೆಯುತ್ತಾರೆ ಎಂಬುದನ್ನು ತಿಳಿದೇ ಬರೆದೆವು.

ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ಇಕ್ಕಟ್ಟಿಲ್ಲ. ಎರಡೂ ಊರುಗಳಿಗೆ ಅಲ್ಲಿ ಒಂದೇ ಸ್ಪೆಲ್ಲಿಂಗ್. ನಮ್ಮ ಲಿಪಿಯಲ್ಲಾದರೋ ಕಕಾರಕ್ಕೆ ಏತ್ವ ಕೊಡಬೇಕೇ, ಐತ್ವ ಕೊಡಬೇಕೇ ಎಂಬುದನ್ನು ಬರೆಯುವವರೇ ತೀರ್ಮಾನಿಸಬೇಕಾಗುತ್ತದೆ. ಮೂಲವನ್ನೇ ಅನುಸರಿಸೋಣವೆಂದರೆ ‘ಕೈರೋ’ ಕೂಡ ಮೂಲವಲ್ಲ; ಅರಬ್ಬಿಯ ‘ಅಲ್ ಕಾಹಿರಾ’ ಯುರೋಪಿನವರ ಬಾಯಲ್ಲಿ ಸವೆದು ನಮ್ಮವರೆಗೆ ಬಂದ ರೂಪ ಅದು. ಓಹಾಯೋ ರಾಜ್ಯದ ‘ಲೈಮಾ’ ಪೆರು ದೇಶದ ‘ಲೀಮಾ’ದಿಂದ ಬಂದಿದೆ, ಆ ಲೀಮಾ ಕೂಡ ಅಲ್ಲಿನ ಮೂಲನಿವಾಸಿಗಳ ಕೆಚುವಾ ಭಾಷೆಯ ನದಿಯ ಹೆಸರೊಂದು ಸ್ಪ್ಯಾನಿಷರ ಬಾಯಲ್ಲಿ ಪಡೆದ ರೂಪವೇ.

‘ಅಶುದ್ಧ’ ಎಂಬ ತಮ್ಮ ಮಾತನ್ನು ಮಾತ್ರ ನಾವು ಒಪ್ಪಲಾರೆವು. ಫ್ರಾನ್ಸಿನ ಕರಾವಳಿಯ ‘ಕಲೇ’ ಪಟ್ಟಣದ ಹೆಸರನ್ನು ಹೊತ್ತ ಊರೊಂದು ಅಮೆರಿಕದ ಮೇಯ್ನ್ ರಾಜ್ಯದಲ್ಲಿದೆ. ಅಲ್ಲಿನವರು ಅದನ್ನು ‘ಕ್ಯಾಲಸ್’ ಎನ್ನುತ್ತಾರೆ. ಕೇಳಿದವರಿಗೆ ಇದು ಓದಲು ಬಾರದವರ ಉಚ್ಚಾರಣೆಯೆನಿಸಬಹುದು. ಆದರೆ ಫ್ರಾನ್ಸಿನ ಆ ಪಟ್ಟಣ 1347ರಿಂದ 1558ರವರೆಗೆ ಇಂಗ್ಲೆಂಡಿನ ವಶದಲ್ಲಿತ್ತು, ಇಂಗ್ಲಿಷರು ಅದನ್ನು ಕೊನೆಯ ಸಕಾರ ಸಹಿತವಾಗಿಯೇ ಕರೆಯುತ್ತಿದ್ದರು. ಸಕಾರವನ್ನು ಬಿಟ್ಟದ್ದು ಫ್ರೆಂಚ್, ಉಳಿಸಿಕೊಂಡದ್ದು ಮೇಯ್ನಿನ ಜನ. ತಾವೂ ಪತ್ರದಲ್ಲಿ ‘ಪ್ಯಾರಿಸ್’ ಎಂದು ಬರೆದಿದ್ದೀರಿ; ಆ ಸಕಾರವನ್ನೂ ಫ್ರೆಂಚರು ಇಂದು ಉಚ್ಚರಿಸುವುದಿಲ್ಲ.

ಮನೆತನದ ಹೆಸರುಗಳಲ್ಲಿ ಇದು ಇನ್ನೂ ಸೂಕ್ಷ್ಮವಾದ ವಿಷಯ. 1066ರ ನಂತರ, ಇಂಗ್ಲೆಂಡನ್ನು ಗೆದ್ದ ಉತ್ತರ ಫ್ರಾನ್ಸಿನ ನಾರ್ಮನ್ನರೊಡನೆ ಅಲ್ಲಿಗೆ ಬಂದ ಹೆಸರೊಂದನ್ನು ಫ್ರೆಂಚರು ಇಂದು ‘ಬೋಶಾಂ’ ಎಂದರೆ ಇಂಗ್ಲಿಷರು ‘ಬೀಚಮ್’ ಎನ್ನುತ್ತಾರೆ, ಆ ಚಕಾರ ಹಳೆಯ ಫ್ರೆಂಚಿನದೇ. ಕಪ್ಪುಜನರ ಹಕ್ಕುಗಳಿಗಾಗಿ ದುಡಿದ ಸಮಾಜಶಾಸ್ತ್ರಜ್ಞ ಡಬ್ಲ್ಯು. ಇ. ಬಿ. ಡು ಬಾಯ್ಸ್ (1868–1963) ಅವರ ಹೆಸರು ಫ್ರೆಂಚ್ ಮೂಲದ್ದಾದರೂ, ಅದನ್ನು ‘ಡು ಬಾಯ್ಸ್’ ಎಂದೇ ಉಚ್ಚರಿಸಬೇಕೆಂದು ಅವರೇ ತಿಳಿಸಿದ್ದರು. ಅದನ್ನು ‘ಡ್ಯು ಬ್ವಾ’ ಎಂದು ತಿದ್ದಿದರೆ ಇನ್ನೊಬ್ಬರ ಹೆಸರನ್ನು ಅವರ ಅನುಮತಿಯಿಲ್ಲದೆ ಬದಲಿಸಿದಂತಾಗುತ್ತದೆ.

ಹಾಗೆಂದು ಕನ್ನಡದಲ್ಲಿ ಬೇರುಬಿಟ್ಟ ಪ್ಯಾರಿಸ್, ಕೈರೋಗಳನ್ನು ನಾವು ಕೀಳಹೊರಟಿಲ್ಲ. ತಮ್ಮ ಆಕ್ಷೇಪದಲ್ಲಿ ಒಂದಂಶ ಮಾತ್ರ ಸಂಪೂರ್ಣ ಸರಿ: ಈಜಿಪ್ಟಿನ ನಗರದ ಹೆಸರೇ ಅಲ್ಲಿ ‘ಕೇರೋ’ ಆಗಿದೆ ಎಂದು ಲೇಖನದಲ್ಲಿ ಒಂದು ಸಾಲು ಇರಬೇಕಿತ್ತು, ಅದನ್ನು ಸೇರಿಸದೆ ಹೋದದ್ದು ನಮ್ಮ ಲೋಪ. ಮುಂದಿನ ಸಂಚಿಕೆಯಿಂದ ಇಂಥ ಹೆಸರು ಮೊದಲ ಸಲ ಬರುವಲ್ಲಿಯೇ ಅದರ ಮೂಲವನ್ನು ತಿಳಿಸುತ್ತೇವೆ.

— ಸಂಪಾದಕ