ಅಮೆರಿಕದ ಕಪ್ಪು ತಂದೆಯಂದಿರು ಮಕ್ಕಳಿಂದ ದೂರ ಉಳಿಯುತ್ತಾರೆ ಎಂಬುದು ನಿಜವೇ?

ನಿಜವಲ್ಲ, ತಾಯಿಯ ವೈವಾಹಿಕ ಸ್ಥಿತಿಯ ಅಂಕಿಯನ್ನು ತಂದೆಯ ಗೈರುಹಾಜರಿಯೆಂದು ಓದಿದ್ದರಿಂದ ಈ ಕಲ್ಪನೆ ಗಟ್ಟಿಯಾಯಿತು. ಅಲ್ಲಿ ಸುಮಾರು ಶೇ. 70ರಷ್ಟು ಕಪ್ಪು ಮಕ್ಕಳು ಅವಿವಾಹಿತ ತಾಯಂದಿರಿಗೆ ಜನಿಸುತ್ತಾರೆ. ಆದರೆ ಜನನ ದಾಖಲೆ ಹೇಳುವುದು ಹೆರಿಗೆಯ ಹೊತ್ತಿಗೆ ತಾಯಿಗೆ ಮದುವೆಯಾಗಿತ್ತೇ ಎಂಬುದನ್ನಷ್ಟೇ. ತಂದೆ ಅದೇ ಮನೆಯಲ್ಲಿದ್ದಾನೆಯೇ, ಅಥವಾ ಪಕ್ಕದ ಬೀದಿಯಲ್ಲಿದ್ದು ದಿನವೂ ಬೆಳಿಗ್ಗೆ ಬಂದು ಮಗಳ ತಲೆ ಬಾಚಿ ಶಾಲೆಗೆ ಬಿಡುತ್ತಾನೆಯೇ ಎಂಬುದು ಅದರಲ್ಲಿ ಕಾಣುವುದಿಲ್ಲ.

ತಂದೆಯಂದಿರನ್ನೇ ಕೇಳಿದಾಗ ಚಿತ್ರ ಬೇರೆಯಾಯಿತು. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2013ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಐದು ವರ್ಷದೊಳಗಿನ ಮಕ್ಕಳೊಂದಿಗೆ ವಾಸಿಸುವ ಕಪ್ಪು ತಂದೆಯಂದಿರಲ್ಲಿ ಶೇ. 70ರಷ್ಟು ಮಂದಿ ಮಗುವಿಗೆ ಸ್ನಾನ ಮಾಡಿಸುವುದು, ಬಟ್ಟೆ ತೊಡಿಸುವುದು, ಡಯಾಪರ್ ಬದಲಿಸುವುದು ಮುಂತಾದ ಆರೈಕೆಯನ್ನು ಪ್ರತಿದಿನ ಮಾಡುತ್ತಿದ್ದರು. ಬಿಳಿಯ ತಂದೆಯಂದಿರಲ್ಲಿ ಈ ಪ್ರಮಾಣ ಶೇ. 60. ಶಾಲಾವಯಸ್ಸಿನ ಮಕ್ಕಳ ಹೋಂವರ್ಕಿಗೆ ದಿನವೂ ಜೊತೆಯಾಗುವುದರಲ್ಲಿ ಅಂತರ ಇನ್ನೂ ದೊಡ್ಡದು: ಶೇ. 41 ಮತ್ತು ಶೇ. 28.

ಮಕ್ಕಳಿಂದ ಬೇರೆ ಮನೆಯಲ್ಲಿರುವವರ ಪಾಲು ಕಪ್ಪು ತಂದೆಯಂದಿರಲ್ಲಿ ಬಿಳಿಯರಿಗಿಂತ ಹೆಚ್ಚೆಂಬುದು ದಿಟ, ಮತ್ತು ಅದನ್ನು ಮರೆಮಾಚಬೇಕಾಗಿಲ್ಲ. ಅದರ ಹಿಂದೆ ಉದ್ಯೋಗದ ಕೊರತೆ ಮತ್ತು ಕಪ್ಪು ಗಂಡಸರನ್ನು ಬಿಳಿಯರಿಗಿಂತ ಹಲವು ಪಟ್ಟು ಹೆಚ್ಚಿನ ಪ್ರಮಾಣದಲ್ಲಿ ಜೈಲಿಗೆ ಕಳಿಸಿದ ವ್ಯವಸ್ಥೆಯ ಪಾಲು ದೊಡ್ಡದಿದೆ. 1965ರಲ್ಲಿ ಅಮೆರಿಕದ ಕಾರ್ಮಿಕ ಇಲಾಖೆಯ ಅಧಿಕಾರಿ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್ ಬರೆದ ವರದಿಯು ನಿರುದ್ಯೋಗದ ಬಗ್ಗೆಯೂ ಹೇಳಿತ್ತಾದರೂ, ಕಪ್ಪು ಕುಟುಂಬದ ರಚನೆಯನ್ನೇ ಸಮಸ್ಯೆಯ ಕೇಂದ್ರವೆಂದು ತೋರಿಸಿತ್ತು. ಮುಂದಿನ ಚರ್ಚೆಗಳಲ್ಲಿ ನಿರುದ್ಯೋಗದ ಮಾತು ಹಿಂದೆ ಸರಿದು, ತಂದೆಯ ಮೇಲಿನ ದೂರು ಮಾತ್ರ ಉಳಿದುಕೊಂಡಿತು.