ಜೀಪಿನ ಹಿಂದಿನ ಹೌಸಿಂಗ್ ಕವರ್ ಸೋರುತ್ತಿದ್ದರೆ ಮೊದಲು ಬ್ರೀದರ್ ನೋಡಿ

ಅಣ್ಣಾ, ನಿಮ್ಮ ಹಳೆ ಮಹೀಂದ್ರಾ ಜೀಪಿನ ಹಿಂದಿನ ಹೌಸಿಂಗ್ (ಹಿಂದಿನ ಎರಡು ಚಕ್ರಗಳ ನಡುವೆ ಗೇರ್ ಇರುವ ಕಬ್ಬಿಣದ ಗೂಡು) ಕವರಿನಿಂದ ಆಯಿಲ್ ಸೋರುತ್ತಿದೆ, ಎರಡು ಸಲ ಪ್ಯಾಕಿಂಗ್ (ಕವರಿನ ಸಂದಿಗೆ ಕೂರಿಸುವ ಹಾಳೆ) ಬದಲಾಯಿಸಿದರೂ ನಿಂತಿಲ್ಲ ಅಂತ ಕೇಳಿದ್ದೀರಿ. ಹಾಗಿದ್ದರೆ ಮೂರನೇ ಪ್ಯಾಕಿಂಗಿಗೆ ಸುಮ್ನೆ ದುಡ್ಡು ಹಾಕಬೇಡಿ. ಮೊದಲು ಬ್ರೀದರ್ ನೋಡಿ.

ಹೌಸಿಂಗ್ ಮೇಲ್ಭಾಗದಲ್ಲಿ ಸಣ್ಣ ಟೋಪಿಯಂಥದ್ದು ಇರುತ್ತದೆ, ಅದೇ ಬ್ರೀದರ್. ಗಾಡಿ ಓಡಿದಾಗ ಒಳಗಿನ ಆಯಿಲ್ ಕಾಯುತ್ತದೆ, ಗಾಳಿ ಹಿಗ್ಗುತ್ತದೆ. ಆ ಗಾಳಿ ಹೊರಗೆ ಹೋಗಬೇಕಾದ್ದು ಇಲ್ಲಿಂದಲೇ. ಕೆಸರು, ಧೂಳು ಕೂತು ಇದು ಮುಚ್ಚಿಕೊಂಡರೆ ಒಳಗಿನ ಒತ್ತಡ ಎಲ್ಲಿ ಸಡಿಲ ಇದೆಯೋ ಅಲ್ಲಿಂದ ಆಯಿಲ್ ತಳ್ಳುತ್ತದೆ. ನೀವು ಎಷ್ಟು ಒಳ್ಳೆ ಪ್ಯಾಕಿಂಗ್ ಹಾಕಿದರೂ ಅಷ್ಟೇ. ಬಿಚ್ಚಿ ಡೀಸೆಲ್‌ನಲ್ಲಿ ನೆನೆಸಿ, ತೊಳೆದು, ಗಾಳಿ ಹೊಡೆಸಿ. ತುಕ್ಕು ಹಿಡಿದು ಕೂತಿದ್ದರೆ ಹೊಸದೇ ಹಾಕಿ.

ಮಲೆನಾಡಿನ ಕಡೆ ಹಳ್ಳ ದಾಟುವ ಗಾಡಿಯಾದರೆ ಇನ್ನೊಂದು ಕೆಲಸ ಮಾಡಿ. ಬ್ರೀದರ್ ಜಾಗದಿಂದ ಒಂದು ರಬ್ಬರ್ ಹೋಸ್ ಎಳೆದು ಬಾಡಿಯ ಎತ್ತರದಲ್ಲಿ ಕಟ್ಟಿ. ಇಲ್ಲದಿದ್ದರೆ ಬಿಸಿ ಹೌಸಿಂಗ್ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ ನೀರನ್ನೇ ಒಳಕ್ಕೆ ಎಳೆದುಕೊಳ್ಳುತ್ತದೆ. ಕವರ್ ಬಿಚ್ಚಿದಾಗ ಆಯಿಲ್ ಹಾಲು ಕಾಫಿ ಬಣ್ಣದಲ್ಲಿ ಬಂದರೆ ನೀರು ಹೊಕ್ಕಿದೆ ಅಂತಲೇ ಲೆಕ್ಕ.

ಎರಡನೇ ಅನುಮಾನ: ಅದು ನಿಜವಾಗಿ ಕವರಿನ ಸೋರಿಕೆಯಾ? ಇದೇ ಹೌಸಿಂಗಿನ ಮುಂಭಾಗದಲ್ಲಿ, ಇಂಜಿನ್ ಕಡೆಯಿಂದ ಬರುವ ಪ್ರೊಪೆಲ್ಲರ್ ಶಾಫ್ಟ್ ಸೇರುವಲ್ಲಿರುವ ಪಿನಿಯನ್ ಸೀಲ್ ಹೋಗಿದ್ದರೆ ಆಯಿಲನ್ನು ಅಲ್ಲಿನ ಜಾಯಿಂಟ್ ಸುತ್ತಲೂ ಎರಚುತ್ತದೆ, ಗಾಳಿಗೆ ಅದು ಹಿಂದಕ್ಕೆ ಹರಿದು ಕವರ್ ಮೇಲೆ ಕೂರುತ್ತದೆ. ನೋಡಿದವರು ಕವರೇ ಸೋರುತ್ತಿದೆ ಅಂದುಕೊಳ್ಳುತ್ತಾರೆ. ಹೌಸಿಂಗ್ ಪೂರ್ತಿ ತೊಳೆದು ಒರೆಸಿ, ಒಣಗಿದ ಮೇಲೆ ಮುಖಕ್ಕೆ ಹಾಕುವ ಪೌಡರ್ ಉದುರಿಸಿ. ಒಂದು ರೌಂಡ್ ಹೋಗಿ ಬಂದು ಟಾರ್ಚ್ ಹಿಡಿದು ನೋಡಿದರೆ ಒದ್ದೆ ಗೆರೆ ಎಲ್ಲಿಂದ ಶುರುವಾಗಿದೆ ಅಂತ ಗೊತ್ತಾಗುತ್ತದೆ. ಪಿನಿಯನ್ ಸೀಲ್ ಆಗಿದ್ದರೆ ಮನೆಯಲ್ಲಿ ಕೈ ಹಾಕಬೇಡಿ. ಆ ನಟ್ ಬಿಗಿಯಲ್ಲಿ ಹೆಚ್ಚುಕಮ್ಮಿಯಾದರೆ ಬೇರಿಂಗ್ ಹಾಳು. ಚಕ್ರದ ಒಳಗೆ ಬ್ರೇಕ್ ಡ್ರಮ್ ಒದ್ದೆಯಾಗಿದ್ದರೆ ಅದು ಆಕ್ಸಲ್ ಸೀಲ್, ಗಾಡಿ ನಿಲ್ಲಿಸಿ ಅದನ್ನೇ ಮೊದಲು ಮಾಡಿಸಿ.

ಕವರೇ ಅಂತ ಖಾತ್ರಿಯಾದರೆ ಕೆಲಸ ಕಷ್ಟವಲ್ಲ. ಜೀಪು ಎತ್ತರ ಇರುವುದರಿಂದ ಜಾಕ್ ಕೂಡ ಬೇಡ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಚಕ್ರಗಳಿಗೆ ಕಲ್ಲು ಕೊಡಿ. ಹಿಂದೆ ಒಂದೇ ಚಕ್ರ ಎತ್ತಿ ಹ್ಯಾಂಡ್ ಬ್ರೇಕ್ ನಂಬಬೇಡಿ. ಹಳೆ ಜೀಪಿನಲ್ಲಿ ಆ ಬ್ರೇಕ್ ಹಿಡಿಯುವುದು ಪ್ರೊಪೆಲ್ಲರ್ ಶಾಫ್ಟನ್ನು, ಚಕ್ರವನ್ನಲ್ಲ. ಒಂದು ಚಕ್ರ ಗಾಳಿಯಲ್ಲಿದ್ದರೆ ಡಿಫರೆನ್ಶಿಯಲ್ (ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್) ತಿರುಗಿ ಗಾಡಿ ಉರುಳಬಹುದು.

ಮೊದಲು ಆಯಿಲ್ ತುಂಬುವ ಪ್ಲಗ್ ಬಿಚ್ಚಿ ನೋಡಿ. ಅದು ಬರದೇ ಇದ್ದರೆ ಆಯಿಲ್ ಇಳಿಸಿಬಿಟ್ಟು ಏನು ಮಾಡುತ್ತೀರಿ, ಅಲ್ವಾ? ಆಮೇಲೆ ಕವರಿನ 10 ಬೋಲ್ಟ್‌ಗಳಲ್ಲಿ ಮೇಲಿನ ಎರಡನ್ನು ಸಡಿಲ ಮಾಡಿ ಬಿಟ್ಟು ಉಳಿದವನ್ನು ತೆಗೆಯಿರಿ, ಕೆಳಗಿನಿಂದ ಆಯಿಲ್ ಬೇಸಿನ್‌ಗೆ ಇಳಿಯುತ್ತದೆ. ಒಂದು ಬೋಲ್ಟ್ ಅಡಿಯಲ್ಲಿ ಸಣ್ಣ ತಗಡಿನ ಚೀಟಿ ಇದ್ದರೆ ಎಸೆಯಬೇಡಿ. 43, 8 ಅಂತ ಇದ್ದರೆ ಅವು ಕ್ರೌನ್ (ದೊಡ್ಡ ಗೇರ್) ಮತ್ತು ಪಿನಿಯನ್ (ಸಣ್ಣ ಗೇರ್) ಹಲ್ಲುಗಳು, ಅಂದರೆ 5.38 ರೇಶಿಯೋ. ಮುಂದೆ ಸ್ಪೇರ್ ತರುವಾಗ ಬೇಕಾಗುತ್ತದೆ.

ಸ್ಕ್ರೂಡ್ರೈವರ್ ತುರುಕಿ ಕವರ್ ಎಬ್ಬಿಸಬೇಡಿ, ಮುಖಕ್ಕೆ ಗೀರು ಬಿದ್ದರೆ ಅದೇ ಹೊಸ ಸೋರಿಕೆ. ಮರದ ಸುತ್ತಿಗೆಯಲ್ಲಿ ಅಂಚಿಗೆ ತಟ್ಟಿ. ಹಳೆ ಪೇಸ್ಟ್ ಕೆರೆಯುವಾಗ ಚೂರು ಒಳಗೆ ಬೀಳದಂತೆ ಬಟ್ಟೆ ಮುಚ್ಚಿ. ತೆಗೆದ ಕವರನ್ನು ಗಾಜಿನ ಮೇಲೆ ಬೋರಲು ಇಟ್ಟು ನೋಡಿ. ಪ್ಯಾಕಿಂಗ್ ಮೇಲೆ ಪ್ಯಾಕಿಂಗ್ ಹಾಕಿ ಜಾಸ್ತಿ ಬಿಗಿ ಮಾಡಿದ ಕವರಿನಲ್ಲಿ ಬೋಲ್ಟ್ ತೂತುಗಳ ಸುತ್ತ ತಗಡು ಒಳಕ್ಕೆ ಬಗ್ಗಿರುತ್ತದೆ, ಮಧ್ಯದಲ್ಲಿ ಸಂದು ಬಿಟ್ಟಿರುತ್ತದೆ. ನಿಮ್ಮದರಲ್ಲೂ ಹೀಗೇ ಇದ್ದರೆ ಆಶ್ಚರ್ಯವಿಲ್ಲ. ಸಪಾಟು ಕಬ್ಬಿಣದ ಮೇಲಿಟ್ಟು ನಿಧಾನಕ್ಕೆ ತಟ್ಟಿ ನೇರ ಮಾಡಿ.

ನನ್ನ ಪ್ರಕಾರ ಹಳೆ ಕವರಿಗೆ ಪೇಪರ್ ಪ್ಯಾಕಿಂಗಿಗಿಂತ ಸಿಲಿಕಾನ್ ಪೇಸ್ಟೇ ಮೇಲು. ಎರಡೂ ಒಟ್ಟಿಗೆ ಬೇಡ. ಗೇರ್ ಆಯಿಲ್ ತಡೆಯುವಂಥದ್ದೇ ಕೇಳಿ ತನ್ನಿ. ಎರಡೂ ಮುಖವನ್ನು ಪೆಟ್ರೋಲ್‌ನಲ್ಲಿ ಒರೆಸಿ, ಒಣಗಿದ ಮೇಲೆ 3 ಮಿಲಿಮೀಟರ್ ದಪ್ಪದ ಒಂದೇ ಗೆರೆ ಎಳೆಯಿರಿ. ಗೆರೆ ತೂತುಗಳ ಒಳಬದಿಯಲ್ಲಿ ಹೋಗಬೇಕು, ಎಲ್ಲೂ ತುಂಡಾಗಬಾರದು. ದಪ್ಪ ಹಚ್ಚಿದರೆ ಒಳಗೆ ಹಿಂಡಿಕೊಂಡು ಚೂರುಗಳು ಆಯಿಲ್‌ಗೆ ಬೀಳುತ್ತವೆ. ಬೋಲ್ಟ್‌ಗಳನ್ನು ಕೈಯಲ್ಲಿ ಹಾಕಿ, ಎದುರುಬದುರಾಗಿ ಹಂತ ಹಂತವಾಗಿ ಬಿಗಿ ಮಾಡಿ. ಟಾರ್ಕ್ ಸ್ಪ್ಯಾನರ್ ಇದ್ದರೆ 40 ನ್ಯೂಟನ್ ಮೀಟರ್ ಆಸುಪಾಸು ಸಾಕು. ರಾತ್ರಿ ಹಾಗೇ ಬಿಡಿ.

ಬೆಳಿಗ್ಗೆ ಜಿಎಲ್-5 ದರ್ಜೆಯ 80ಡಬ್ಲ್ಯೂ-90 ಗೇರ್ ಆಯಿಲ್ ಹಾಕಿ. ಪ್ಲಗ್ ತೂತಿನ ಕೆಳ ಅಂಚಿನವರೆಗೆ ಬಂದರೆ ಸಾಕು. ತುಂಬಿದ್ದು ಜಾಸ್ತಿಯಾದರೂ ಸೀಲ್ ಸೋರುತ್ತದೆ. ಇನ್ನೊಂದು, ಕವರ್ ಮುಚ್ಚುವ ಮೊದಲೇ ಹಳೆ ಆಯಿಲನ್ನು ಬೆರಳಲ್ಲಿ ಉಜ್ಜಿ ನೋಡಿ. ಬೂದು ಬಣ್ಣದ ನುಣುಪು ಪುಡಿ ಇದ್ದರೆ ಚಿಂತೆಯಿಲ್ಲ, ಸವೆತದ್ದು. ಹಲ್ಲಿನ ಚೂರು ಸಿಕ್ಕಿದರೆ ಕವರ್ ಮುಚ್ಚದೆ ಕ್ರೌನ್ ಪಿನಿಯನ್ ಫೋಟೊ ತೆಗೆದು ಇಲ್ಲಿ ಹಾಕಿ.